‘ವಾಡ್‌ಸೆಟ್’ ಎಂಬ ಒಂದು ಮಾತು

ನಿಘಂಟು ಓದುವುದೂ ಒಂದು ಚಟವೇ. ಕಾದಂಬರಿ ಓದುವವನನ್ನು ಮನೆಯವರು ಸೋಮಾರಿ ಎಂದು ಬೈದು ಸುಮ್ಮನಾಗುತ್ತಾರೆ. ನಿಘಂಟು ಓದುವವನನ್ನು ಏನೆಂದು ಬೈಯಬೇಕೆಂದು ಅವರಿಗೂ ತೋಚುವುದಿಲ್ಲ. ಈ ಚಟದ ದೆಸೆಯಿಂದ ನನಗೆ ಸ್ಕಾಟ್ಲೆಂಡಿನ ಹಳೆಯ ಮಾತೊಂದರ ಪರಿಚಯವಾಯಿತು. ಅದು ‘ವಾಡ್‌ಸೆಟ್’. ಸಾಲಕ್ಕಾಗಿ ಭೂಮಿಯನ್ನು ಒತ್ತೆ ಇಡುವ ಕರಾರು ಎಂದು ಅದರ ಅರ್ಥ. ಸಾಲ ಕೊಟ್ಟವನು ಭೂಮಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಫಲವನ್ನು ಉಣ್ಣುತ್ತಾನೆ. ಅಸಲು ಕೈಸೇರಿದ ದಿನ ಬಿಟ್ಟುಕೊಡುತ್ತಾನೆ. ನಮ್ಮ ಹಳ್ಳಿಗಳ ಕಡೆಯಿಂದ ಬಂದವರಿಗೆ ಇಷ್ಟೆಲ್ಲ ವಿವರಣೆ ಬೇಡ. ಭೋಗ್ಯ ಎಂದರೆ ಸಾಕು.

‘ವಾಡ್’ ಎಂದರೆ ಒತ್ತೆ, ಕೊಟ್ಟ ಮಾತಿಗೆ ಆಧಾರವಾಗಿ ಇಟ್ಟ ವಸ್ತು. ‘ಸೆಟ್’ ಎಂದರೆ ಇಡುವುದು. ಹಳೆಯ ಇಂಗ್ಲಿಷಿನ ‘ವೆಡ್’ ಎಂಬುದು ಇದರ ಒಡಹುಟ್ಟು. ಆದರೆ ಅಣ್ಣತಮ್ಮಂದಿರು ಬೇರೆಯಾದ ಹಾಗೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಇಂಗ್ಲೆಂಡಿನ ‘ವೆಡ್’ ಮದುವೆಯ ಮನೆಗೆ ಹೋಗಿ ‘ವೆಡ್ಡಿಂಗ್’ ಆಯಿತು. ಸ್ಕಾಟ್ಲೆಂಡಿನ ‘ವಾಡ್’ ಹೊಲ ಗದ್ದೆ, ಹಣಕಾಸಿನ ಬಳಿಯಲ್ಲೇ ಉಳಿಯಿತು. ಜರ್ಮನಿಯಲ್ಲಿ ಇದೇ ಬೇರಿನಿಂದ ಹುಟ್ಟಿದ ‘ವೆಟ್ಟೆ’ಗೆ ಪಂದ್ಯ ಎಂಬ ಅರ್ಥ ಬಂದಿದೆ. ಫ್ರೆಂಚರ ಬಾಯಿಗೆ ಹೋಗಿ ‘ಗೇಜ್’ ಎಂದಾಗಿ ‘ಮಾರ್ಟ್‌ಗೇಜ್’ನೊಳಗೆ ಸೇರಿಕೊಂಡಿತು; ಕೂಲಿ ಎಂಬ ಅರ್ಥದ ‘ವೇಜ್’ ಸಹ ಅದೇ ವಂಶದ ಕುಡಿ. ಮದುವೆ, ಸಂಬಳ, ಪಂದ್ಯ, ಅಡಮಾನ, ಈ ನಾಲ್ಕೂ ಒಂದೇ ಮನೆತನದವೆಂದು ತಿಳಿದಾಗ ನನಗೆ ಬಹಳ ಸೋಜಿಗವಾಯಿತು. ಸಂಸಾರಸ್ಥರಾದ ನಮ್ಮ ಅಧ್ಯಾಪಕರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಕ್ಕಿಲ್ಲ.

‘ಮಾರ್ಟ್‌ಗೇಜ್’ ಎಂದರೆ ಸತ್ತ ಒತ್ತೆ. ಭೂಮಿಯ ಫಲ ಸಾಲಕ್ಕೆ ಜಮೆಯಾಗುತ್ತಿದ್ದರೆ ಆ ಒತ್ತೆಗೆ ಜೀವವುಂಟು. ಫಲವೆಲ್ಲ ಸಾಲಗಾರನ ಲೆಕ್ಕಕ್ಕೆ ಬಾರದೆ ಹೋದರೆ ಅದು ಸತ್ತಂತೆಯೇ ಸರಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಗ್ಲ್ಯಾನ್‌ವಿಲ್ಲನ ಹೆಸರಿನಲ್ಲಿ ಬಂದ ಇಂಗ್ಲೆಂಡಿನ ಕಾನೂನು ಗ್ರಂಥದಲ್ಲಿ ಈ ವ್ಯತ್ಯಾಸವನ್ನು ಹೇಳಿದೆ. ವಾಡ್‌ಸೆಟ್ಟಿನಲ್ಲಿಯೂ ಎರಡು ಬಗೆ ಇದ್ದವು. ಒಂದರಲ್ಲಿ ಸಾಲ ಕೊಟ್ಟವನು ಬಡ್ಡಿಗೆ ಬದಲಾಗಿ ಫಲವನ್ನೆಲ್ಲ ತಿನ್ನುತ್ತಿದ್ದನು. ಬೆಳೆ ಬಂದರೂ ಅವನದೇ, ಕೆಟ್ಟರೂ ಅವನದೇ. ಇನ್ನೊಂದರಲ್ಲಿ ಬಡ್ಡಿಗೆ ಮೀರಿ ಬಂದದ್ದಕ್ಕೆ ಲೆಕ್ಕ ಒಪ್ಪಿಸಬೇಕಾಗಿತ್ತು. ಮೊದಲನೆಯ ಬಗೆಗೆ ಹಿಂದೆ ಬಹಳ ಗಿರಾಕಿ. ಏಕೆಂದರೆ ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ಚರ್ಚು ಸಾರಿದ್ದ ಕಾಲ ಅದು. ಹೊಲದ ಓಟ್ಸನ್ನು ತಿಂದರೆ ಬಡ್ಡಿ ತಿಂದಂತಲ್ಲವಲ್ಲ! 1587ರಲ್ಲಿ ಅಲ್ಲಿಯ ಪಾರ್ಲಿಮೆಂಟು ನೂರಕ್ಕೆ ಹತ್ತರವರೆಗೆ ಬಡ್ಡಿಯನ್ನು ಒಪ್ಪಿಕೊಂಡಿತು. ಆಮೇಲಾಮೇಲೆ ಈ ಉಪಾಯದ ಅಗತ್ಯವೂ ಕಡಿಮೆಯಾಗುತ್ತ ಬಂದಿತು.

ಆದರೆ ಈ ಮಾತಿನ ಜೀವವಿರುವುದು ಭೂಮಿಯನ್ನು ಇಡುವುದರಲ್ಲಿ ಅಲ್ಲ, ಬಿಡಿಸಿಕೊಳ್ಳುವುದರಲ್ಲಿ. ಬಿಡಿಸಿಕೊಳ್ಳುವ ಆ ಹಕ್ಕಿಗೆ ಅವರು ‘ರಿವರ್ಷನ್’ ಎನ್ನುತ್ತಿದ್ದರು. ಹಣ ತರುತ್ತೇನೆಂದು ಮುಂಚಿತವಾಗಿ ತಿಳಿಸಬೇಕು. ಈ ತಿಳಿವಳಿಕೆಯ ಹೆಸರು ‘ಪ್ರಿಮೊನಿಷನ್’. ಈಗ ಇಂಗ್ಲಿಷಿನಲ್ಲಿ ಅದಕ್ಕೆ ಮುಂದೆ ಬರುವ ಕೇಡಿನ ಸೂಚನೆ ಎಂಬ ಅರ್ಥ. ಹೊಲ ಕೈಬಿಡುವವನಿಗೆ ಆಗಲೂ ಹಾಗೆಯೇ ಅನ್ನಿಸಿರಬೇಕು! ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ, ಸಾಮಾನ್ಯವಾಗಿ ಒಂದು ಚರ್ಚಿನಲ್ಲಿ, ಹಣ ಎಣಿಸಿ ಇಡಬೇಕು. ತೆಗೆದುಕೊಳ್ಳಬೇಕಾದವನು ಬಾರದೆ ತಪ್ಪಿಸಿಕೊಂಡರೆ? ಹಣವನ್ನು ಬೇರೊಬ್ಬರ ವಶದಲ್ಲಿಟ್ಟು ನ್ಯಾಯಾಲಯಕ್ಕೆ ಹೋಗಲು ಅವಕಾಶವಿತ್ತು.

ಇದನ್ನು ಓದುತ್ತಿರುವಾಗ ನನಗೆ ನಮ್ಮ ತಂದೆಯವರ ಮುಖ ಕಣ್ಣಮುಂದೆ ಬಂದಿತು. ನಮ್ಮ ಅಜ್ಜನವರು ಅತ್ತೆಯ ಮದುವೆಗೆಂದು ಕೆರೆಯ ಕೆಳಗಿನ ಎರಡು ಎಕರೆ ಗದ್ದೆಯನ್ನು ಭೋಗ್ಯಕ್ಕೆ ಹಾಕಿದ್ದರು. ಅವಧಿ ತೀರಿದ ಮೇಲೆ ತಂದೆಯವರು ರೂಪಾಯಿಗಳನ್ನು ಪಂಚೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಮೂರು ಸಲ ಹೋದರು. ಮೊದಲನೆಯ ಸಲ ಯಜಮಾನರು ಊರಲ್ಲಿರಲಿಲ್ಲ. ಎರಡನೆಯ ಸಲ ಮನೆಯಲ್ಲಿ ಸೂತಕ. ಮೂರನೆಯ ಸಲ, “ಈಗೇನು ಅವಸರ ಕಣಪ್ಪ, ಪೈರು ನಿಂತಿದೆ, ಸುಗ್ಗಿ ಆಗಲಿ” ಎಂಬ ಉಪಚಾರದ ಮಾತು, ಜೊತೆಗೆ ಒಂದು ಲೋಟ ಮಜ್ಜಿಗೆ. ಸಾಲ ಕೊಡಲಾರದವನ ಸಂಕಟವನ್ನು ಕತೆ ಕಾದಂಬರಿಗಳಲ್ಲಿ ಬೇಕಾದಷ್ಟು ಓದಿದ್ದೇವೆ. ಹಣ ಹಿಡಿದುಕೊಂಡು ಬಾಗಿಲಲ್ಲಿ ನಿಂತವನ ಸಂಕಟ ಬೇರೆಯದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ ಪ್ರಕಾರ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದೆಂದು ವಕೀಲರೊಬ್ಬರು ಹೇಳಿದ ಮೇಲೆಯೇ ಗದ್ದೆ ನಮ್ಮದಾದದ್ದು. ನನ್ನ ಕಾಲೇಜಿನ ಫೀಜು ಆ ಗದ್ದೆಯಿಂದಲೇ ಬರುತ್ತಿದೆ. ಆದ್ದರಿಂದ ‘ರಿವರ್ಷನ್’ ಎಂಬುದನ್ನು ಬರಿಯ ಶಬ್ದವೆಂದು ನಾನು ಓದಲಾರೆ.

ಸ್ಕಾಟ್ಲೆಂಡಿನಲ್ಲಿಯೂ ಈ ಹಕ್ಕು ಮೊದಲಿನಿಂದ ಭದ್ರವಾಗಿರಲಿಲ್ಲ. ಒತ್ತೆ ಹಿಡಿದವನು ಭೂಮಿಯನ್ನು ಮೂರನೆಯವನಿಗೆ ಮಾರಿಬಿಟ್ಟರೆ ಆ ಮೂರನೆಯವನನ್ನು ಕೇಳುವಂತಿರಲಿಲ್ಲ, ಕರಾರು ಅವನದಲ್ಲವಷ್ಟೆ. 1469ರಲ್ಲಿ ಮೂರನೆಯ ಜೇಮ್ಸ್ ದೊರೆಯ ಪಾರ್ಲಿಮೆಂಟು ಇದನ್ನು ಸರಿಪಡಿಸಿತು. ಭೂಮಿ ಯಾರ ಕೈಗೆ ಹೋಗಿದ್ದರೂ ಹಣ ಕೊಟ್ಟು ಬಿಡಿಸಿಕೊಳ್ಳಬಹುದೆಂದು ಶಾಸನ ಮಾಡಿತು. 1617ರಲ್ಲಿ ಇಂಥ ಪತ್ರಗಳನ್ನು ನೋಂದಾಯಿಸಬೇಕೆಂಬ ಕಟ್ಟಳೆಯೂ ಬಂದಿತು.

ಈಗ ಇದೇ ದೊರೆಯ ಸ್ವಂತ ವ್ಯವಹಾರವನ್ನು ನೋಡಿ. ಅವನ ಮದುವೆ ಗೊತ್ತಾದದ್ದು ಡೆನ್ಮಾರ್ಕ್ ಮತ್ತು ನಾರ್ವೆಗಳ ದೊರೆ ಒಂದನೆಯ ಕ್ರಿಶ್ಚಿಯನ್ನನ ಮಗಳು ಮಾರ್ಗರೆಟ್ಟಳೊಡನೆ. ವರದಕ್ಷಿಣೆ 60,000 ಫ್ಲಾರಿನ್. 10,000 ನಗದಾಗಿ ಕೊಡುವುದೆಂದೂ ಉಳಿದ 50,000ಕ್ಕೆ ಆರ್ಕ್ನಿ ದ್ವೀಪಗಳನ್ನು ಒತ್ತೆ ಇಡುವುದೆಂದೂ 1468ರಲ್ಲಿ ಒಪ್ಪಂದವಾಯಿತು. ಬೀಗರಿಗೆ ಹೊಂದಿಸಲು ಸಾಧ್ಯವಾದದ್ದು ಎರಡೇ ಸಾವಿರ. ಉಳಿದ 8,000ಕ್ಕೆ 1469ರ ಮೇ ತಿಂಗಳಲ್ಲಿ ಶೆಟ್‌ಲೆಂಡ್ ದ್ವೀಪಗಳೂ ಒತ್ತೆಗೆ ಬಂದವು. ಹೆಣ್ಣು ಹೆತ್ತವರ ಕಷ್ಟ ಸಿಂಹಾಸನದ ಮೇಲೆ ಕುಳಿತವರಿಗೂ ತಪ್ಪಿದ್ದಲ್ಲ. ಆ ದ್ವೀಪಗಳ ರೈತರನ್ನೂ ಮೀನುಗಾರರನ್ನೂ ಯಾರೂ ಒಂದು ಮಾತು ಕೇಳಲಿಲ್ಲ.

ಒತ್ತೆಯ ಭೂಮಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಪ್ರಜೆಗಳಿಗೆ ಭದ್ರಪಡಿಸಿ ಮೂರು ವರ್ಷ ಕಳೆಯುವುದರೊಳಗೆ, 1472ರಲ್ಲಿ, ಅದೇ ದೊರೆಯ ಪಾರ್ಲಿಮೆಂಟು ಈ ದ್ವೀಪಗಳನ್ನು ಸ್ಕಾಟ್ಲೆಂಡಿನ ಕಿರೀಟಕ್ಕೆ ಸೇರಿಸಿಬಿಟ್ಟಿತು. ಮುಂದಿನ ಎರಡು ಶತಮಾನಗಳಲ್ಲಿ ಡೆನ್ಮಾರ್ಕಿನವರು ಬಿಡಿಸಿಕೊಳ್ಳುವ ಮಾತನ್ನು ಮತ್ತೆ ಮತ್ತೆ ಎತ್ತಿದರು. ಒಂದಲ್ಲ ಒಂದು ನೆಪದಿಂದ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಪೈರು ನಿಂತಿದೆ, ಸುಗ್ಗಿ ಆಗಲಿ ಎಂಬ ಮಾತು ಅರಮನೆಗಳಲ್ಲಿಯೂ ನಡೆಯುತ್ತದೆ. ಸಣ್ಣ ರೈತನಾಗಿದ್ದರೆ ಹಣವನ್ನು ಬೇರೊಬ್ಬರ ವಶದಲ್ಲಿಟ್ಟು ನ್ಯಾಯಾಲಯಕ್ಕೆ ಹೋಗುತ್ತಿದ್ದ. ದೊರೆಗಳ ನಡುವಣ ವಾಡ್‌ಸೆಟ್ಟಿಗೆ ಅಂಥ ನ್ಯಾಯಾಲಯವೆಲ್ಲಿಯದು? ಅಷ್ಟರಲ್ಲಿ ದ್ವೀಪದವರ ಬಾಯಲ್ಲಿದ್ದ ನಾರ್ನ್ ಎಂಬ ನಾರ್ಸ್ ಮೂಲದ ನುಡಿ ತೆಳುವಾಗುತ್ತ ಬಂದು, ಸ್ಕಾಟರ ಮಾತು ಆ ಜಾಗಕ್ಕೆ ಬಂದು ಕುಳಿತಿತು. ಕೆಲವು ಶಬ್ದಗಳೂ ಊರುಗಳ ಹೆಸರುಗಳೂ ಉಳಿದುಕೊಂಡಿವೆ. ಒತ್ತೆಯ ಹಣ ಮಾತ್ರ ಸಂದಾಯವಾಗಲೇ ಇಲ್ಲ.