ಅಪ್ಪನ ಲೆಕ್ಕದಲ್ಲಿ ಹಳೇ ಹಾಡು

ಹೋದ ವಾರ ಬೆಂಗಳೂರಿನಲ್ಲಿ ಕ್ಯಾಬಲ್ಲಿ ಕೂತಿದ್ದೆ. ಎಫ್ಎಂನಲ್ಲಿ ಆರ್‌ಜೆ "ಈಗ ಒಂದು ಹಳೇ ಹಾಡು" ಅಂದಳು. ಪಿ.ಬಿ. ಶ್ರೀನಿವಾಸ್ ಅಂದ್ಕೊಂಡ್ರೆ ಬಂದಿದ್ದು ಮುಂಗಾರು ಮಳೆ! ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ್ದು... ಯಾವುದು ಅಂತ ನಿಮಗೆ ಹೇಳಬೇಕಿಲ್ಲ ಬಿಡಿ. ಎದೆ ಧಸಕ್ ಅಂತು. ಆ ಸಿನಿಮಾ ಬಂದಿದ್ದು 2006ರ ಡಿಸೆಂಬರ್ ಕೊನೆಗೆ, ನಾನಾಗ ಪ್ರೈಮರಿ ಸ್ಕೂಲು. ಅದು ಹಳೇದಾದ್ರೆ ನಾನೇನಾದೆ? :)

ಆಮೇಲೆ ಲೆಕ್ಕ ಹಾಕಿದೆ. 'ಕಾಡು ಕುದುರೆ' 1979ರದ್ದು. ಕಂಬಾರರ ಸಿನಿಮಾ, ಅವರದೇ ಹಾಡು, ನಮ್ಮ ಶಿವಮೊಗ್ಗ ಸುಬ್ಬಣ್ಣನವರ ದನಿ, ರಾಷ್ಟ್ರಪ್ರಶಸ್ತಿ ಬೇರೆ. (ನಮ್ಮ ನ್ಯಾಮತಿ 1997ರಲ್ಲೇ ದಾವಣಗೆರೆ ಜಿಲ್ಲೆಗೆ ಹೋಯ್ತು, ಆದ್ರೂ ಸುಬ್ಬಣ್ಣ ನಮ್ಮೋರೇ. ಮನೇಲಿ ರೇಡಿಯೋ ಅಂದ್ರೆ ಭದ್ರಾವತಿಯೇ.) ನಾನು ಚಿಕ್ಕವನಿದ್ದಾಗ ಆ ಹಾಡು ಅಜ್ಜನ ಕಾಲದ್ದು ಅನ್ನಿಸ್ತಿತ್ತು. ಮುಂಗಾರು ಮಳೆ ಬಂದಾಗ ಅದಕ್ಕೆ ಆಗಿದ್ದು ಬರೀ 27 ವರ್ಷ! ಮುಂಗಾರು ಮಳೆಗೆ ಈಗ ಹೆಚ್ಚೂಕಮ್ಮಿ 20. ಆರ್‌ಜೆಯದು ಅಂಥ ತಪ್ಪೇನಲ್ಲ.

ಆದ್ರೆ ಬರೀ ವರ್ಷದ ಲೆಕ್ಕವೂ ಅಲ್ಲ ಅನ್ಸುತ್ತೆ. ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳು ಭಜನೆಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ 1990ರ ಸಿನಿಮಾಕ್ಕೆ ಬಂದವು. ಅವನ್ನ ಯಾರೂ 'ಹಳೇ ಚಿತ್ರಗೀತೆ' ಅನ್ನಲ್ಲ. ಬೇರೆ ಕಡೆಯಿಂದ ಬಂದ ಹಾಡಿಗೆ ಬೇರೆಯದೇ ಲೆಕ್ಕ ಇದೆ.

2007ರಲ್ಲಿ ಜಾತ್ರೆ ದುಡ್ಡು ಕೂಡಿಸಿ ಮುಂಗಾರು ಮಳೆ ಕ್ಯಾಸೆಟ್ ತಂದಿದ್ದೆ. ಮೂರನೇ ಸಲ ಹಾಕಿದಾಗ ಅಪ್ಪ ಪಟ್ ಅಂತ ಆಫ್ ಮಾಡಿದ್ರು. "ನಮ್ಮಲ್ಲಿ ಹಾಡೋರಿಗೆ ಬರವೇನಲೇ? ಕನ್ನಡ ಬರದವ್ರ ಹತ್ರ ಹಾಡಿಸ್ತಾರೆ!" ಕ್ಯಾಸೆಟ್ ಎಲ್ಲೋ ಎತ್ತಿಟ್ಟರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಆಗ ಅಜ್ಜಿ ಗುಟ್ಟಾಗಿ ಹೇಳಿದ್ದು: ಸುಬ್ಬಣ್ಣನ ಹಾಡಿಗೆ ಅಪ್ಪನೂ ಬೈಸಿಕೊಂಡಿದ್ರಂತೆ. "ಭಾವಗೀತೆ ಹಾಡೋರೂ ಸಿನಿಮಾಕ್ಕೆ ಹೋಗಿ ಕೆಟ್ರು" ಅಂತ ಅಜ್ಜ ಕೂಗಾಡ್ತಿದ್ರಂತೆ. ಅಜ್ಜನ ಕಾಲದ್ದು ಅಂದ್ಕೊಂಡಿದ್ದ ಹಾಡನ್ನ ಅಜ್ಜನೇ ಒಳಗೆ ಬಿಟ್ಟುಕೊಂಡಿರಲಿಲ್ಲ!

2025ರಲ್ಲಿ ಸೋನು ನಿಗಮ್ ಮಾತಿನ ಬಗ್ಗೆ ಗಲಾಟೆ ಆಯ್ತಲ್ಲ, ಆವಾಗ ಅಪ್ಪ ಫೋನ್ ಮಾಡಿ "ನಾ ಆವತ್ತೇ ಹೇಳಿದ್ದೆ" ಅಂದಿದ್ರು.

ಈ ಶನಿವಾರ ಊರಿಗೆ ಹೋದೆ. ಅಪ್ಪ ಮನೆ ಮುಂದೆ ಮೆಕ್ಕೆಜೋಳ ಒಣಗೋಕೆ ಹರವ್ತಾ ಇದ್ರು, ಬಾಯಲ್ಲಿ ಅದೇ ಹಾಡು! ಪಲ್ಲವಿ ಅಷ್ಟೇ ಅಲ್ಲ, ಚರಣಾನೂ ಬರುತ್ತೆ ಈ ಮನುಷ್ಯಂಗೆ.

"ಅಪ್ಪಾ, ಇದು ಕನ್ನಡ ಬರದವ್ರು ಹಾಡಿದ್ದಲ್ವಾ?"

"ಹೋಗಲೇ. ಆವಾಗಿನ ಹಾಡು ಎಷ್ಟು ಚೆನ್ನಾಗಿದ್ವು. ಈಗಿನವೂ ಒಂದು ಹಾಡೇನಲೇ?"

ಅಲ್ಲಿಗೆ ಮುಗೀತು. ಹೊಸ ಹಾಡಿಗೆ ಬೈಯೋಕೆ ಯಾವ ಹಾಡು ಬಳಕೆಗೆ ಬರುತ್ತೋ ಅದು ಹಳೇ ಹಾಡು. ಹಾಡಿದೋರ ಮೇಲಿನ ಸಿಟ್ಟು ಹಾಗೇ ಇದ್ರೂ ಹಾಡು ಮನೆಯದಾಗಿಬಿಟ್ಟಿದೆ.

ನನ್ನ ಕ್ಯಾಸೆಟ್ ಎಲ್ಲಿ ಅಂತ ಕೇಳಿದೆ. "ಅಟ್ಟದ ಮೇಲೆ ಟ್ರಂಕಿನಲ್ಲಿ ನೋಡು" ಅಂದ್ರು, ತಲೆ ಎತ್ತದೆ. ಇತ್ತು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ರು. ಹಾಕೋಕೆ ಟೇಪ್ ರೆಕಾರ್ಡರ್ ಮಾತ್ರ ಇಲ್ಲ. ನಿಮ್ಮಲ್ಲಿ ಯಾರ ಮನೇಲಾದ್ರೂ ಓಡೋ ಸ್ಥಿತಿಯಲ್ಲಿ ಒಂದು ಇದ್ರೆ ಹೇಳಿ.