ಗರಗರ ಸದ್ದು ಎಲ್ಲಿಂದ ಬಂತು?

ನಮ್ಮ ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿ ಇದೆ. 40 ಲೀಟರ್ ನೀರು ಹಿಡಿಯುತ್ತೆ. ಚಿಕ್ಕಪ್ಪ ಮೈಸೂರಿನಿಂದ ತಂದುಕೊಟ್ಟ ಮೂರು ಗೋಲ್ಡ್ ಫಿಶ್ ಅದರಲ್ಲಿದ್ದವು. ಈಗ ಎರಡೇ ಇವೆ. ಯಾಕೆ ಎರಡೇ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಸೆಕೆ ಬಹಳ. ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಥರ್ಮಾಮೀಟರ್ ಇಳಿಸಿ ನೋಡಿದರೆ 32 ಡಿಗ್ರಿ! ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಡಿಮೆ ಆಗುತ್ತೆ ಕಣಯ್ಯ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೆ" ಎಂದರು. ನಮ್ಮ ಹೇಮಾವತಿ ಹೊಳೆಯ ಮೀನಾದರೆ ಬಿಸಿಲಿಗೆ ಮಡುವಿಗೆ ಇಳಿಯುತ್ತೆ. ತೊಟ್ಟಿಯ ಮೀನು ಎಲ್ಲಿಗೆ ಹೋಗಬೇಕು?

ಚಿಕ್ಕಪ್ಪ ಹಳೇ ಕಂಪ್ಯೂಟರಿನ 12 ವೋಲ್ಟಿನ ಪುಟ್ಟ ಫ್ಯಾನನ್ನು ತೊಟ್ಟಿಯ ತಗಡಿನ ಮುಚ್ಚಳಕ್ಕೆ ಕೂರಿಸಿ, ಅಡಾಪ್ಟರ್ ಹಾಕಿಕೊಟ್ಟರು. ಗಾಳಿ ಬಡಿದರೆ ನೀರು ಬೇಗ ಆವಿಯಾಗುತ್ತೆ. ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತೆ. ಮಡಕೆ ನೀರು ತಣ್ಣಗಿರೋದೂ ಹೀಗೇನೇ. ಮಾರನೇ ದಿನ 29 ಡಿಗ್ರಿಗೆ ಇಳಿದಿತ್ತು.

ವಾರ ಕಳೆದ ಮೇಲೆ ಗರಗರ ಶುರುವಾಯಿತು. "ಅದೇನ್ಲಾ ಮಗ, ರಾಗಿ ಬೀಸ್ದಂಗೆ ಸದ್ದು ಮಾಡ್ತದೆ? ನಿದ್ದೇನೇ ಬರಕ್ಕಿಲ್ಲ" ಎಂದರು ಅಜ್ಜಿ. ಫ್ಯಾನು ಕೆಟ್ಟಿತು ಎಂದುಕೊಂಡು ಬಿಚ್ಚಿ ಅಟ್ಟದ ಮೇಲೆ ಎಸೆದೆ. ಮೂರನೇ ದಿನ ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. "ನನ್ನಿಂದ್ಲೇ ಆಯ್ತಲ್ಲೋ" ಎಂದು ಅಜ್ಜಿ ಪೇಚಾಡಿದರು. ತಪ್ಪು ಅವರದಲ್ಲ, ನನ್ನದು.

ಅವತ್ತೇ ಫ್ಯಾನು ಇಳಿಸಿದೆ. ಹಳೇ ಬ್ರಷ್‌ನಿಂದ ರೆಕ್ಕೆಯ ಧೂಳು ತೆಗೆದೆ. ಅಂಚು ಹಿಡಿದುಕೊಂಡು ಓಡಿಸಿದರೆ ಬರೀ ಗಾಳಿಯ ಸದ್ದು. ಮುಚ್ಚಳದ ಮೇಲಿಟ್ಟರೆ ಮತ್ತೆ ಗರಗರ! ಅಂದರೆ ಕೂಗುತ್ತಿದ್ದದ್ದು ಫ್ಯಾನಲ್ಲ, ತಗಡು. ಸ್ಕ್ರೂ ಸಡಿಲವಾಗಿ ಫ್ಯಾನಿನ ನಡುಕವೆಲ್ಲ ತಗಡಿಗೆ ಹತ್ತಿತ್ತು. ತಂಬೂರಿಯ ತಂತಿ ಸಣ್ಣಗೆ ಮಿಡಿದರೂ ಬುರುಡೆ ಅದನ್ನು ದೊಡ್ಡದು ಮಾಡುತ್ತದಲ್ಲ, ಹಾಗೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕು ಮೂಲೆಗೂ ಕೊಟ್ಟು ಸ್ಕ್ರೂ ಬಿಗಿ ಮಾಡಿದೆ. ಸದ್ದು ನಿಂತಿತು. ಖರ್ಚು ಒಂದು ಪೈಸೆಯೂ ಇಲ್ಲ.

ಗೆಳೆಯರೇ, ಕೈಯಲ್ಲಿ ಹಿಡಿದಾಗಲೂ ಗರಗರ ಎಂದರೆ ಮಾತ್ರ ಫ್ಯಾನಿನ ಬೇರಿಂಗ್ ಸವೆದಿದೆ ಎಂದು ತಿಳಿಯಿರಿ. ಬಿಚ್ಚುವ ಮುಂಚೆ ಪ್ಲಗ್ ಕಿತ್ತಿರಬೇಕು, ಕೈ ಒಣಗಿರಬೇಕು. ಆವಿಯಾದಷ್ಟು ನೀರನ್ನು ಆಗಾಗ ತುಂಬಿಸಬೇಕು. ಎಲ್ಲಕ್ಕಿಂತ ಮೊದಲು, ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಿ, ಆಮೇಲೆ ಕೆಟ್ಟಿತು ಎನ್ನಿ.

ಈಗ ರಾತ್ರಿ ಎಚ್ಚರವಾದಾಗಲೆಲ್ಲ ಅಜ್ಜಿಯೇ ಎದ್ದು ತೊಟ್ಟಿಯ ಹತ್ತಿರ ಹೋಗಿ, ಗಾಳಿ ಬರುತ್ತಿದೆಯಾ ಎಂದು ಕೈ ಒಡ್ಡಿ ನೋಡುತ್ತಾರೆ. ಸದ್ದೇ ಇಲ್ಲವಲ್ಲ, ಅದಕ್ಕೆ.