ಶಿಗ್ಗಾಂವದ ಹಾದಿಯಲ್ಲಿ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತಡಸವನ್ನು ದಾಟಿದ ತರುವಾಯ ಶಿಗ್ಗಾಂವವು ಸಿಗುವದು. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಒಂದು ತಾಲೂಕಿಗೆ ಇದು ಮುಖ್ಯಸ್ಥಳವು. ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ಸೆರಗು ಕಾಣಹತ್ತುವದು. ಪೂರ್ವಕ್ಕೆ ಹೋದಂತೆ ಎರೆಯ ಹೊಲಗಳು ಹರವಿಕೊಳ್ಳುವವು. ಹೆದ್ದಾರಿಯ ಬಸ್ಸಿನಲ್ಲಿ ಕುಳಿತ ಬಹುಜನರು ಈ ಊರನ್ನು ಕಿಟಕಿಯಿಂದ ಒಂದು ಸಲ ನೋಡಿ ಮುಂದೆ ಸಾಗುವರು. ನಾವೂ ಮೂರು ವರುಷ ಹಾಗೆಯೇ ಸಾಗಿದವರು. ಒಡಹುಟ್ಟಿದ ಅಣ್ಣನ ಮನೆಯು ಅಲ್ಲಿದ್ದಾಗ್ಯೂ ಇಳಿಯದೆ ಸಾಗಿದವರು. ಕಳೆದ ಮಾಗಿಯಲ್ಲಿ ಇಳಿದೆವು. ಇಳಿದ ಕಾರಣವನ್ನು ಮುಚ್ಚಿಡದೆ ಹೇಳಿದರೆ ಮಾತ್ರ, ಆ ಸೀಮೆಯಲ್ಲಿ ನಾವು ಕಂಡ ಸ್ಥಳಗಳು ನಮಗೆ ಕಲಿಸಿದ್ದೇನೆಂಬದು ವಾಚಕರಿಗೆ ತಿಳಿದೀತು.

ನಮ್ಮದು ಹುಬ್ಬಳ್ಳಿಯ ಕ್ರೈಸ್ತ ಮನೆತನವು. 1839ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ನೆಲೆಯೂರಿದ ತರುವಾಯ ಅವರ ಸಭೆಗೆ ಸೇರಿದ ಹಿರಿಯರ ಸಂತತಿಯವರು ನಾವು. ನಮ್ಮ ತಂದೆಯವರ ಬಳಿಯಲ್ಲಿ ದಪ್ಪ ರಟ್ಟಿನ ಒಂದು ಕನ್ನಡ ಸತ್ಯವೇದವಿತ್ತು. ಅದರ ಮೊದಲಿನ ಬಿಳಿಯ ಹಾಳೆಗಳಲ್ಲಿ ಮೂರು ತಲೆಮಾರಿನ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಆಯಾ ಕಾಲದ ಹಿರಿಯರು ತಮ್ಮ ಕೈಯಿಂದ ಬರೆದಿಟ್ಟಿದ್ದರು. ದಿನಾಲು ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂಡುವದು, ತಂದೆಯವರು ಒಂದು ಅಧ್ಯಾಯವನ್ನು ಓದುವದು, ತಾಯಿಯವರು ಪ್ರಾರ್ಥನೆ ಮಾಡುವದು: ಇದು ನಮ್ಮ ಬಾಲ್ಯದ ರೂಢಿಯಾಗಿತ್ತು.

ತಂದೆಯವರು ತೀರಿಕೊಂಡ ಬಳಿಕ ಮನೆಯ ಪಾಲು ಮನಸ್ತಾಪವಿಲ್ಲದೆ ಮುಗಿಯಿತು. ಜಗಳವು ಹುಟ್ಟಿದ್ದು ಆ ಸತ್ಯವೇದಕ್ಕಾಗಿ. ಅಣ್ಣನು, "ಹಿರಿಯ ಮಗನು ನಾನು, ಅದು ನನ್ನ ಕಡೆ ಇರಲಿ" ಎಂದನು. ನಾವು, "ಓದುವವನ ಕಡೆಗಿರಬೇಕು" ಎಂದೆವು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಬಂಧುಬಳಗದ ಎದುರಿಗೆ, "ಹನ್ನೆರಡು ಮಂದಿ ಸಣ್ಣ ಪ್ರವಾದಿಗಳ ಹೆಸರುಗಳನ್ನು ಅನುಕ್ರಮವಾಗಿ ಹೇಳು ನೋಡೋಣ" ಎಂದು ಅವನನ್ನು ಕೇಳಿದೆವು. ಅವನು ನಾಲ್ಕು ಹೆಸರು ಹೇಳಿ ತಡವರಿಸಿದನು. ಯಾರೋ ನಕ್ಕರು. ಅಣ್ಣನು ಮಾತಾಡದೆ ಪುಸ್ತಕವನ್ನು ನಮ್ಮ ಮುಂದಿಟ್ಟು, ಕೆರವು ಮೆಟ್ಟಿಕೊಂಡು ಹೊರಟುಹೋದನು. ನಾವು ಗೆದ್ದೆವು. ಮೂರು ವರುಷ ಆ ಗೆದ್ದ ಪುಸ್ತಕವನ್ನು ದಿನಾಲು ಓದಿದೆವು.

ಒಂದು ಸಂಜೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವು ಬಂದಿತು. ದೇವರಿಗೆ ಕಾಣಿಕೆಯನ್ನು ಕೊಡಲು ಹೋದಾಗ ನಿನ್ನ ಮೇಲೆ ಸಹೋದರನ ಮನಸ್ಸಿನಲ್ಲಿ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಒಂದಾಗಿ ಬಾ ಎಂಬ ಅರ್ಥದ ಬೋಧೆಯು ಅಲ್ಲಿದೆ. ನೂರು ಸಲ ಓದಿದ ಮಾತೇ. ಆದರೆ ಅದರಲ್ಲಿ ಒಂದು ಸಂಗತಿಯು ಆ ಹೊತ್ತು ಹೊಸದಾಗಿ ಕಂಡಿತು. ಸಹೋದರನ ಮೇಲೆ ನಮಗಿರುವ ದೂರಿನ ವಿಚಾರವು ಅಲ್ಲಿಲ್ಲ. ನಮ್ಮ ಮೇಲೆ ಅವನಿಗಿರುವ ದೂರಿನ ವಿಚಾರವಿದೆ. ತಪ್ಪು ಯಾರದೆಂದು ತೀರ್ಪಾಗುವ ವರೆಗೆ ಕಾಯೆಂದು ಕರ್ತನು ಹೇಳಲಿಲ್ಲ; ಎದ್ದು ಹೋಗೆಂದು ಹೇಳಿದನು. ಮರುದಿನವೇ ಪುಸ್ತಕವನ್ನು ಒಂದು ಮಗ್ಗದ ವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸನ್ನು ಹತ್ತಿದೆವು.

ಶಿಗ್ಗಾಂವವು ಬಂದಿತು. ಆದರೆ ನಮ್ಮ ಧೈರ್ಯವು ಕುಂದಿತು. ಬಂಕಾಪುರದ ವರೆಗೆ ಹೋಗುವೆವೆಂದು ಕಂಡಕ್ಟರನಿಗೆ ಹೇಳಿ ಮತ್ತೊಂದು ಟಿಕೇಟು ಕೊಂಡೆವು. ಕೋಟೆಯನ್ನು ನೋಡಿ ಬಂದರಾಯಿತೆಂದು ನಮಗೆ ನಾವೇ ನೆವ ಹೇಳಿಕೊಂಡೆವು.

ಬಂಕಾಪುರವು ಈಗ ಸಣ್ಣ ಪಟ್ಟಣವು; ಆದರೆ ಅದರ ಹೆಸರು ಹಳೆಯದು. ರಾಷ್ಟ್ರಕೂಟರ ಕಾಲದ ಬಂಕೆಯನ ಹೆಸರನ್ನು ಅದು ಹೊತ್ತಿದೆ. ಅವನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಜೈನರು ಈ ಊರಿನಲ್ಲಿ ಪೂಜೆ ಸಲ್ಲಿಸಿದರು. ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ; ಜನರು ಅದನ್ನು ಅರವತ್ತು ಕಂಬದ ಗುಡಿಯೆಂದು ಕರೆಯುವರು. ಕರಿಯ ಕಲ್ಲಿನ ಕಂಬಗಳು ಕಡೆದು ನಯಗೊಳಿಸಿದಂತಿವೆ. ಸುತ್ತಲಿನ ಕುರುಚಲ ಗಿಡಗಳಲ್ಲಿ ನವಿಲುಗಳು ಬಹಳ. ಅವುಗಳ ರಕ್ಷಣೆಗೆಂದು ಸರಕಾರವು ಈ ಸ್ಥಳವನ್ನು ಕಾದಿಟ್ಟಿದೆ. ನಾವು ಹೋದಾಗ ಒಂದು ಗಂಡುನವಿಲು ಗರಿಯ ಭಾರವನ್ನು ಎಳೆದುಕೊಂಡು ಗೋಡೆಯ ನೆರಳಿನಲ್ಲಿ ಕಾಳು ಹೆಕ್ಕುತ್ತಿತ್ತು.

ಗಂಗರ ಅರಸನಾದ ಎರಡನೆಯ ಮಾರಸಿಂಹನು ತನ್ನ ಕಡೆಯ ದಿನಗಳನ್ನು ಕಳೆದದ್ದು ಈ ಬಂಕಾಪುರದಲ್ಲಿಯೇ. ಅನೇಕ ಯುದ್ಧಗಳನ್ನು ಗೆದ್ದ ಆ ಅರಸನು ರಾಜ್ಯವನ್ನು ತೊರೆದು ಇಲ್ಲಿಗೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು 974ರ ಸುಮಾರಿಗೆ ದೇಹವನ್ನು ಬಿಟ್ಟನು. ಅವನ ಧರ್ಮವು ಬೇರೆ, ನಮ್ಮ ಧರ್ಮವು ಬೇರೆ. ಆದಾಗ್ಯೂ ರಾಜ್ಯವನ್ನೇ ಬಿಟ್ಟವನ ಊರಿನಲ್ಲಿ, ಒಂದು ಪುಸ್ತಕದ ಒಡೆತನವನ್ನು ಬಿಡಲಾರದೆ ಹೆದರಿ ಬಂದವರಾಗಿ ನಿಂತಿರುವೆವೆಂಬ ನಾಚಿಕೆಯು ನಮ್ಮನ್ನು ಮುತ್ತಿತು.

ಅಲ್ಲಿಂದ ಟಂಟಂ ಗಾಡಿಯಲ್ಲಿ ಬಾಡಕ್ಕೆ ಹೋದೆವು. ಕನಕದಾಸರು ಹುಟ್ಟಿದ ಊರದು. ಬೀರಪ್ಪ, ಬಚ್ಚಮ್ಮ ಎಂಬ ದಂಪತಿಗಳ ಮಗನಾಗಿ ತಿಮ್ಮಪ್ಪನೆಂಬ ಹೆಸರಿನಿಂದ ಬೆಳೆದು, ನಾಯಕತನ ಮಾಡಿ, ಯುದ್ಧದಲ್ಲಿ ಗಾಯಗೊಂಡು, ಕಡೆಗೆ ಎಲ್ಲವನ್ನೂ ಬಿಟ್ಟು ಕಾಗಿನೆಲೆಯ ಆದಿಕೇಶವನ ದಾಸನಾದನೆಂದು ಜನರು ಹೇಳುವರು. ಆತನ ನೆನಪಿಗಾಗಿ ಇತ್ತೀಚೆಗೆ ಅಲ್ಲೊಂದು ಅರಮನೆಯನ್ನು ಕಟ್ಟಿಸಿ, ಆತನ ಚರಿತ್ರೆಯನ್ನು ಚಿತ್ರಗಳಲ್ಲಿ ತೋರಿಸಿದ್ದಾರೆ. ಶಾಲೆಯ ಹುಡುಗರ ಒಂದು ತಂಡವು ಆ ದಿನ ಬಂದಿತ್ತು. ಅವರ ಗುರುಗಳು ಆ ಪ್ರಸಿದ್ಧವಾದ ಕಥೆಯನ್ನು ಹೇಳುತ್ತಿದ್ದರು: ಸ್ವರ್ಗಕ್ಕೆ ಹೋಗತಕ್ಕವರು ಯಾರೆಂದು ವಿದ್ವಾಂಸರ ಸಭೆಯಲ್ಲಿ ಪ್ರಶ್ನೆ ಬಂದಾಗ, 'ನಾನು' ಎಂಬದು ಹೋದರೆ ಮಾತ್ರ ತಾನು ಹೋಗಬಲ್ಲೆನೆಂಬ ಅಭಿಪ್ರಾಯದಿಂದ ಕನಕನು ಉತ್ತರ ಕೊಟ್ಟನು, ಮೊದಲು ಕೇಳಿದವರು ಇವನು ಸೊಕ್ಕಿನವನೆಂದು ತಿಳಿದರು. ಹುಡುಗರು ನಕ್ಕರು. ನಮಗೆ ನಗೆ ಬರಲಿಲ್ಲ.

ಆತನ ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ಹಿರಿತನದ ವ್ಯಾಜ್ಯವಾಗುವದು. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ನೆಲ್ಲು ಕಂದುವದು, ಬಡವರ ಧಾನ್ಯವಾದ ರಾಗಿಯು ಕೆಡದೆ ಉಳಿಯುವದು. ನಮ್ಮ ಕರ್ತನು ಹೇಳಿದ ಸಾಮ್ಯವೊಂದು ಇದಕ್ಕೆ ದೂರದ್ದಲ್ಲ: ಫರಿಸಾಯನು ತನ್ನ ಉಪವಾಸಗಳನ್ನೆಲ್ಲ ದೇವರ ಮುಂದೆ ಎಣಿಸಿ ಹೇಳಿದನು, ಸುಂಕದವನು ತಲೆಯೆತ್ತಲಾರದೆ ಎದೆ ಬಡಿದುಕೊಂಡನು, ಒಪ್ಪಿಗೆಯಾದವನು ಸುಂಕದವನೇ. ಹನ್ನೆರಡು ಪ್ರವಾದಿಗಳ ಹೆಸರುಗಳನ್ನು ಎಣಿಸಿದವರು ಯಾರ ಸಾಲಿನಲ್ಲಿ ನಿಂತರೆಂಬದನ್ನು ಯಾರೂ ಹೇಳಬೇಕಾಗಿದ್ದಿಲ್ಲ.

ಅಲ್ಲಿಯ ಕಟ್ಟೆಯ ಮೇಲೆ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಾಗ ಮತ್ತೊಂದು ವಿಚಾರವು ಹೊಳೆಯಿತು. ಈ ಗ್ರಂಥವು ಕನ್ನಡದಲ್ಲಿ ನಮ್ಮ ಮನೆಗೆ ಬಂದದ್ದಾದರೂ ಹೇಗೆ? ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಮೊದಲಿನಿಂದ ಕಲಿತು, ಜೊತೆಗಾರರೊಂದಿಗೆ ಸುಮಾರು ಇಪ್ಪತ್ತು ವರುಷ ದುಡಿದು ಸತ್ಯವೇದವನ್ನು ಕನ್ನಡಕ್ಕೆ ತಂದರು. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಅವರೇ 1850ರಲ್ಲಿ ಪುರಂದರದಾಸ, ಕನಕದಾಸ ಮೊದಲಾದವರ ಪದಗಳನ್ನು ಕೂಡಿಸಿ ಅಚ್ಚುಮಾಡಿಸಿದರು. 1853ರಲ್ಲಿ ಬಂದ ಕಿಟೆಲ್ಲರು ಕನ್ನಡಿಗರ ಮಾತಿಗೆ ಆಯುಷ್ಯದ ಬಹುಭಾಗ ಕಿವಿಗೊಟ್ಟು 1894ರಲ್ಲಿ ತಮ್ಮ ನಿಘಂಟನ್ನು ಹೊರಗೆ ತಂದರು. ಬೋಧಿಸಲು ಬಂದವರು ಮೊದಲು ಕಲಿಯಲು ಕುಳಿತರು. ಪರಭಾಷೆಯನ್ನು ಕಲಿಯುವವನು ತಪ್ಪು ಮಾಡಬೇಕಾಗುವದು, ನಗೆಗೀಡಾಗಬೇಕಾಗುವದು, ಮಕ್ಕಳಿಂದ ತಿದ್ದಿಸಿಕೊಳ್ಳಬೇಕಾಗುವದು. ಅಂಥ ದೀನತೆಯಿಂದ ನಮ್ಮ ಕೈಗೆ ಬಂದ ಪುಸ್ತಕವನ್ನು ಅಣ್ಣನ ತಲೆ ತಗ್ಗಿಸುವದಕ್ಕೆ ಉಪಯೋಗಿಸಿದ್ದೆವು. ಇನ್ನು ನೆವ ಉಳಿದಿರಲಿಲ್ಲ. ಎದ್ದು ಶಿಗ್ಗಾಂವದ ಬಸ್ಸನ್ನು ಹಿಡಿದೆವು.

ದೀಪ ಹಚ್ಚುವ ಹೊತ್ತಿಗೆ ಅಣ್ಣನ ಬಾಗಿಲಲ್ಲಿ ನಿಂತೆವು. ಹಾದಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಅಣ್ಣಾ, ನಂದು ತಪ್ಪಾತು" ಎಂದಷ್ಟೇ ಅಂದು ಚೀಲವನ್ನು ಮುಂದೆ ಹಿಡಿದೆವು. ಅವನು ಕೆಲಹೊತ್ತು ನೋಡಿದನು. "ಮೊದಲ ಕೈಕಾಲು ತೊಳಕೋ, ರೊಟ್ಟಿ ಆರತಾವ" ಎಂದನು. ಒಳಗಿನಿಂದ ವೈನಿಯವರು ಬರುವದಕ್ಕೆ ಮುಂಚೆಯೇ ತಾನೇ ತಂಬಿಗೆಯಲ್ಲಿ ನೀರು ತಂದು ನಮ್ಮ ಕಾಲ ಮೇಲೆ ಹಾಕಿದನು. ಶಿಷ್ಯರ ಕಾಲುಗಳನ್ನು ತೊಳೆದ ಗುರುವಿನ ಚರಿತ್ರೆಯನ್ನು ಯೋಹಾನನ ಸುವಾರ್ತೆಯಲ್ಲಿ ನಾವು ಬಾಯಿಪಾಠವಾಗಿ ಬಲ್ಲೆವು. ಅಣ್ಣನಿಗೆ ಅದರ ಅಧ್ಯಾಯವು ಎಷ್ಟನೆಯದೆಂಬದು ಗೊತ್ತಿತ್ತೋ ಇಲ್ಲವೋ, ನಾವರಿಯೆವು.

ಊಟವಾದ ಮೇಲೆ ಅವನು ಪುಸ್ತಕವನ್ನು ಬಿಚ್ಚಿ ತಂದೆಯವರ ಕೈಬರಹವಿದ್ದ ಹಾಳೆಯನ್ನು ಬಹಳ ಹೊತ್ತು ನೋಡಿದನು. ತನ್ನ ಮೊಮ್ಮಗಳ ಜನನವನ್ನು ಅದರಲ್ಲಿ ಬರೆಯುವದು ಉಳಿದಿತ್ತೆಂದನು. ಆ ಮಗುವಿಗೆ ಎರಡು ವರುಷ ತುಂಬಿತ್ತು. ಅದು ಹುಟ್ಟಿದ ಸುದ್ದಿಯೂ ನಮಗಿರಲಿಲ್ಲ. ನಾವು ಲೇಖಣಿಯನ್ನು ಕೊಟ್ಟೆವು, ಅವನು ಬರೆದನು. ಬಳಿಕ ವಸ್ತ್ರವನ್ನು ಸುತ್ತಿ ಪುಸ್ತಕವನ್ನು ನಮಗೇ ಒಪ್ಪಿಸಿ, "ನಿನ್ನ ಕಡೆ ಇರಲಿ. ವರ್ಷಕ್ಕೊಮ್ಮೆ ನೀನ ಹೊತಗೊಂಡು ಬಾ" ಎಂದನು.

ಮರುದಿನ ಇಬ್ಬರೂ ಕೂಡಿ ಶಿಶುನಾಳಕ್ಕೆ ಹೋದೆವು. ಈ ತಾಲೂಕಿನದೇ ಹಳ್ಳಿಯದು. ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸ್ಥಳವು. ಮುಸಲ್ಮಾನರಾಗಿದ್ದ ಅವರು ಕಳಸದ ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುಗಳನ್ನಾಗಿ ಮಾಡಿಕೊಂಡರು. ಎರಡೂ ಕಡೆಯವರ ಮಾತನ್ನು ಲಕ್ಷಿಸಲಿಲ್ಲ. ಇಂದಿಗೂ ಅವರ ಗದ್ದಿಗೆಗೆ ಹಿಂದೂ ಮುಸಲ್ಮಾನರಿಬ್ಬರೂ ಬಂದು ಕೈಮುಗಿಯುವರು. ಅಲ್ಲಿಯ ನೆರಳಿನಲ್ಲಿ ಅಣ್ಣ ತಮ್ಮಂದಿರು ಕಡಲೆ ತಿನ್ನುತ್ತ ಕುಳಿತು ತಂದೆಯವರ ಮಾತುಗಳನ್ನಾಡಿದೆವು. ಪ್ರವಾದಿಗಳ ಮಾತು ಬರಲಿಲ್ಲ.

ಸತ್ಯವೇದವನ್ನು ಓದುವ ಮನೆಗಳು ಬಹಳ ಇವೆ. ಓದಿದ್ದು ಎಷ್ಟೆಂದು ಎಣಿಸುವದೂ ಸುಲಭವು. ಓದಿದ ತರುವಾಯ ಎದ್ದು ಯಾರ ಬಾಗಿಲಿಗೆ ಹೋದೆವೆಂಬದೇ ಅದರ ಪರೀಕ್ಷೆಯೆಂದು ನಾವು ತಡವಾಗಿ ಕಲಿತೆವು. ವಾಚಕರಲ್ಲಿ ಯಾರಿಗಾದರೂ ಹಾಗೆ ದಾಟಿಹೋಗುವ ಊರೊಂದು ಇದ್ದರೆ, ಮುಂದಿನ ಸಲ ಅಲ್ಲಿ ಇಳಿಯಿರಿ. ಬಂಕಾಪುರದ ವರೆಗೆ ಹೋಗಿ ಬರಬೇಕಾದರೂ ಚಿಂತೆಯಿಲ್ಲ.